ಸ್ಕ್ಯಾನ್‌ನಲ್ಲಿ ಹೊಕ್ಕುಳಬಳ್ಳಿ: ಗರ್ಭಿಣಿಯರು ಏನು ನೋಡಿಸಬೇಕು, ಏನು ಕೇಳಬೇಕು

ಸ್ಕ್ಯಾನ್ ವರದಿ ಕೈಗೆ ಬಂದ ಕೂಡಲೇ ಮನೆಮಂದಿಯೆಲ್ಲ ಕೇಳುವ ಪ್ರಶ್ನೆ ಒಂದೇ: ‘ಮಗುವಿನ ಕೊರಳಿಗೆ ಬಳ್ಳಿ ಸುತ್ತಿಕೊಂಡಿದೆಯಾ?’ ಸ್ಕ್ಯಾನ್ ಕೋಣೆಯಲ್ಲಿ ಕೆಲಸ ಮಾಡುವ ನನಗೆ ಈ ಪ್ರಶ್ನೆ ಕೇಳಿಬರದ ದಿನವಿಲ್ಲ. ಬಳ್ಳಿ ಮಾಸಿನ (ಪ್ಲಾಸೆಂಟಾ) ಯಾವ ಜಾಗಕ್ಕೆ ಅಂಟಿಕೊಂಡಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಮೊದಲ ಪ್ರಶ್ನೆ ಹುಟ್ಟಿಸುವ ಭಯ ಬಹುಪಾಲು ಅನಗತ್ಯ. ಎರಡನೆಯದನ್ನು ಸರಿಯಾದ ತಿಂಗಳಲ್ಲಿ ಕೇಳಿದರೆ ಕೆಲವು ಮಕ್ಕಳ ಜೀವ ಉಳಿಯುತ್ತದೆ. ಗರ್ಭಿಣಿಯರು, ಅವರ ಜೊತೆ ಆಸ್ಪತ್ರೆಗೆ ಬರುವವರು, ಆಶಾ ಕಾರ್ಯಕರ್ತೆಯರು ಈ ಬರಹವನ್ನು ಹಂತ ಹಂತವಾಗಿ ಬಳಸಿಕೊಳ್ಳಲಿ ಎಂಬುದು ನನ್ನ ಆಸೆ.

ದಿನ ತುಂಬುವ ಹೊತ್ತಿಗೆ ಹೊಕ್ಕುಳಬಳ್ಳಿ ಸಾಮಾನ್ಯವಾಗಿ 50ರಿಂದ 60 ಸೆಂಟಿಮೀಟರ್ ಉದ್ದ ಇರುತ್ತದೆ. ಅದರೊಳಗೆ ಮೂರು ರಕ್ತನಾಳಗಳಿವೆ. ಒಂದು ಅಭಿಧಮನಿ ಮಾಸಿನಿಂದ ಆಮ್ಲಜನಕವಿರುವ ರಕ್ತವನ್ನು ಮಗುವಿಗೆ ತರುತ್ತದೆ. ಎರಡು ಅಪಧಮನಿಗಳು ಮಗು ಬಳಸಿದ ರಕ್ತವನ್ನು ಮಾಸಿಗೆ ಹಿಂದಿರುಗಿಸುತ್ತವೆ. ಮೂರನ್ನೂ ಸುತ್ತುವರಿದಿರುವ ದಪ್ಪ ಲೋಳೆಗೆ ವಾರ್ಟನ್ಸ್ ಜೆಲ್ಲಿ ಎಂದು ಹೆಸರು. ಬಳ್ಳಿ ತಿರುಚಿದರೂ ಅದುಮಿದರೂ ನಾಳಗಳು ಮುಚ್ಚಿಕೊಳ್ಳದಂತೆ ಕಾಯುವುದು ಈ ಲೋಳೆಯೇ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಯಾವ ತೊಂದರೆ ಸಣ್ಣದು, ಯಾವುದು ದೊಡ್ಡದು ಎಂಬುದು ಅರ್ಧದಷ್ಟು ಅರ್ಥವಾದಂತೆ.

ಹಂತ 1: ಸರಿಯಾದ ವಾರದಲ್ಲಿ ಹೋಗಿ

ಬಳ್ಳಿಯನ್ನು ಪೂರ್ತಿಯಾಗಿ ನೋಡಲು ಅತ್ಯುತ್ತಮ ಸಮಯ 18ರಿಂದ 20ನೇ ವಾರ. ಜನ ‘ಐದನೇ ತಿಂಗಳ ಸ್ಕ್ಯಾನ್’ ಎಂದೂ ವೈದ್ಯರು ‘ಅನಾಮಲಿ ಸ್ಕ್ಯಾನ್’ ಎಂದೂ ಕರೆಯುವುದು ಇದನ್ನೇ. ಆಗ ಮಗುವಿನ ಸುತ್ತ ಬೇಕಾದಷ್ಟು ನೀರಿರುತ್ತದೆ, ಬಳ್ಳಿಯ ಎರಡೂ ತುದಿಗಳು ಸಿಗುತ್ತವೆ. ಎಂಟನೇ ತಿಂಗಳಿಗೆ ಬಂದರೆ ಮಗು ದೊಡ್ಡದಾಗಿರುತ್ತದೆ. ಮಾಸು ಗರ್ಭಕೋಶದ ಹಿಂಭಾಗಕ್ಕೆ ಅಂಟಿಕೊಂಡಿದ್ದರಂತೂ ಮಗುವಿನ ಮೂಳೆಗಳ ನೆರಳು ಬಿದ್ದು ಬಳ್ಳಿಯ ಬುಡ ಕಾಣುವುದೇ ಕಷ್ಟ.

ಬೇಗ ಹೋಗಬೇಕಾದುದಕ್ಕೆ ಇನ್ನೊಂದು ಕಾರಣವಿದೆ. ಏನಾದರೂ ಗಂಭೀರ ದೋಷ ಕಂಡರೆ ಮರುಪರೀಕ್ಷೆಗೆ, ವಂಶವಾಹಿ ಪರೀಕ್ಷೆಗೆ, ಯೋಚಿಸಿ ನಿರ್ಧರಿಸುವುದಕ್ಕೆ ಸಮಯ ಬೇಕಾಗುತ್ತದೆ. ಗರ್ಭಪಾತ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ನಂತರ ಭ್ರೂಣದಲ್ಲಿ ದೋಷವಿರುವಂಥ ಕೆಲವು ಸಂದರ್ಭಗಳಲ್ಲಿ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರಗಳವರೆಗೆ ಗರ್ಭಪಾತಕ್ಕೆ ಕಾನೂನಿನ ಅವಕಾಶವಿದೆ. ಆ ಅವಧಿ ದಾಟಿದರೆ ತೀವ್ರ ದೋಷಗಳ ವಿಷಯದಲ್ಲಿ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕಾಗುತ್ತದೆ. 23ನೇ ವಾರದಲ್ಲಿ ಮೊದಲ ಬಾರಿ ಸ್ಕ್ಯಾನ್‌ಗೆ ಬರುವ ಕುಟುಂಬದ ಕೈಯಲ್ಲಿ ಎಷ್ಟು ದಿನ ಉಳಿದಿರುತ್ತವೆ ಎಂದು ಲೆಕ್ಕ ಹಾಕಿ ನೋಡಿ.

ಸ್ಕ್ಯಾನ್ ಯಂತ್ರ ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇರುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಯಂತ್ರವಿದ್ದರೂ ರೇಡಿಯಾಲಜಿಸ್ಟ್ ದಿನವೂ ಸಿಗುವರೆಂದು ಹೇಳುವಂತಿಲ್ಲ. ಆದ್ದರಿಂದ ನಾಲ್ಕನೇ ತಿಂಗಳಲ್ಲೇ ಆಶಾ ಕಾರ್ಯಕರ್ತೆಯನ್ನು ಕೇಳಿ ದಿನ ಗೊತ್ತು ಮಾಡಿಕೊಳ್ಳಿ. ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ಉಚಿತವಾಗಿ ತಪಾಸಣೆ ಮಾಡುತ್ತಾರೆ. ಸ್ಕ್ಯಾನ್ ಎಲ್ಲಿ, ಯಾವಾಗ ಎಂದು ವಿಚಾರಿಸಲು ಅದು ಒಳ್ಳೆಯ ದಿನ.

ಹೊರಡುವಾಗ ತಾಯಿ ಕಾರ್ಡ್, ಹಿಂದಿನ ಎಲ್ಲ ವರದಿಗಳು, ವೈದ್ಯರ ಚೀಟಿ, ಗುರುತಿನ ಚೀಟಿ ಜೊತೆಗಿರಲಿ. ಲಿಂಗಪತ್ತೆ ತಡೆ ಕಾಯ್ದೆಯ ಪ್ರಕಾರ ಪ್ರತಿ ಗರ್ಭಿಣಿಯ ಸ್ಕ್ಯಾನ್‌ಗೂ ‘ಫಾರ್ಮ್ ಎಫ್’ ತುಂಬಲೇಬೇಕು. ಕೇಂದ್ರದ ನೋಂದಣಿ ಪತ್ರ ಗೋಡೆಯ ಮೇಲೆ ಕಾಣುವಂತಿರಬೇಕು. ಅದು ಇಲ್ಲದ ಕಡೆ ಮಾಡಿಸಬೇಡಿ.

ಹಂತ 2: ಮಲಗುವ ಮೊದಲೇ ಇವುಗಳನ್ನು ಹೇಳಿ

ಐವಿಎಫ್ ಚಿಕಿತ್ಸೆಯಿಂದ ಗರ್ಭ ನಿಂತಿದ್ದರೆ, ಅವಳಿ ಮಕ್ಕಳಿದ್ದರೆ, ಹಿಂದಿನ ಸ್ಕ್ಯಾನ್‌ನಲ್ಲಿ ‘ಮಾಸು ಕೆಳಗಿದೆ’ ಎಂದು ಬರೆದಿದ್ದರೆ, ಮಾಸು ಎರಡು ಭಾಗವಾಗಿದೆ ಅಥವಾ ಪಕ್ಕದಲ್ಲೊಂದು ಸಣ್ಣ ತುಂಡಿದೆ ಎಂದಿದ್ದರೆ ಅದನ್ನು ವೈದ್ಯರಿಗೆ ತಿಳಿಸಿ. ಬಳ್ಳಿಯ ಬುಡವನ್ನು ಎಚ್ಚರದಿಂದ ಹುಡುಕಬೇಕಾದ ಗರ್ಭಗಳು ಇವೇ. ಐವಿಎಫ್ ವಿಷಯವನ್ನು ಅತ್ತೆಯ ಮನೆಯವರ ಎದುರು ಹೇಳಲು ಹಲವರು ಹಿಂಜರಿಯುತ್ತಾರೆ. ಹಾಗಿದ್ದರೆ ವೈದ್ಯರೊಬ್ಬರೇ ಇರುವಾಗ ಹೇಳಿ. ಮುಚ್ಚಿಡುವ ವಿಷಯ ಮಾತ್ರ ಅದಲ್ಲ.

ಹಂತ 3: ಬಳ್ಳಿಯನ್ನು ಮೂರು ಜಾಗದಲ್ಲಿ ನೋಡಬೇಕು

ಒಳ್ಳೆಯ ಪರೀಕ್ಷೆಯೆಂದರೆ ಬಳ್ಳಿಯನ್ನು ಮಗುವಿನ ಹೊಟ್ಟೆಗೆ ಸೇರುವ ಕಡೆ, ನಡುಭಾಗದಲ್ಲಿ, ಮಾಸಿಗೆ ಸೇರುವ ಕಡೆ ನೋಡುವುದು. ಮೂರರಲ್ಲೂ ಕಲರ್ ಡಾಪ್ಲರ್ ಬಳಕೆಯಾಗುತ್ತದೆ. ಹರಿಯುವ ರಕ್ತ ಪರದೆಯ ಮೇಲೆ ಕೆಂಪು, ನೀಲಿ ಬಣ್ಣಗಳಾಗಿ ಕಾಣುತ್ತದೆ. ಯಂತ್ರಕ್ಕೆ ಹತ್ತಿರ ಬರುವ ಹರಿವಿಗೆ ಒಂದು ಬಣ್ಣ, ದೂರ ಸರಿಯುವುದಕ್ಕೆ ಇನ್ನೊಂದು. ಕೆಂಪು ಎಂದರೆ ಶುದ್ಧ ರಕ್ತ, ನೀಲಿ ಎಂದರೆ ಅಶುದ್ಧ ರಕ್ತ ಎಂದು ತಿಳಿಯಬೇಡಿ.

ಮಗುವಿನ ಹೊಟ್ಟೆಯ ಕಡೆ ಮೊದಲು ನೋಡುವುದು ಹೊಟ್ಟೆಯ ಗೋಡೆ ಸರಿಯಾಗಿ ಮುಚ್ಚಿದೆಯೇ ಎಂಬುದನ್ನು. ಕರುಳು ಅಥವಾ ಯಕೃತ್ತು ತೆಳು ಚೀಲದೊಳಗೆ ಹೊರಚಾಚಿ, ಆ ಚೀಲದ ಮೇಲೆಯೇ ಬಳ್ಳಿ ಸೇರಿದ್ದರೆ ಅದು ಆಂಫಲೋಸೀಲ್. ಚೀಲವೇ ಇಲ್ಲದೆ, ಸಾಮಾನ್ಯವಾಗಿ ಬಳ್ಳಿಯ ಬಲಪಕ್ಕದಿಂದ, ಕರುಳು ನೀರಿನಲ್ಲಿ ತೇಲುತ್ತಿದ್ದರೆ ಅದು ಗ್ಯಾಸ್ಟ್ರೋಸ್ಕೈಸಿಸ್. ಮೊದಲನೆಯದರಲ್ಲಿ ಹೃದಯದ ದೋಷ, ವರ್ಣತಂತುಗಳ ದೋಷ ಜೊತೆಗಿರುವ ಸಾಧ್ಯತೆ ಹೆಚ್ಚಾದ್ದರಿಂದ ಹೆಚ್ಚಿನ ಪರೀಕ್ಷೆಗಳು ಬೇಕು. ಎರಡನೆಯದು ಬಹುಮಟ್ಟಿಗೆ ಒಂಟಿ ದೋಷ, ಹುಟ್ಟಿದ ಮೇಲೆ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ಎರಡರಲ್ಲೂ ಹೆರಿಗೆ ಮಕ್ಕಳ ಶಸ್ತ್ರಚಿಕಿತ್ಸಕರಿರುವ ಕಡೆಯೇ ಆಗಬೇಕು, ಅಥವಾ ಮಗುವನ್ನು ಕೂಡಲೇ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆಗೆ ಸಾಗಿಸುವ ವ್ಯವಸ್ಥೆ ಮೊದಲೇ ಆಗಿರಬೇಕು. 12ನೇ ವಾರಕ್ಕೆ ಮೊದಲು ಕರುಳಿನ ಸ್ವಲ್ಪ ಭಾಗ ಬಳ್ಳಿಯೊಳಗೆ ಇರುವುದು ಸಹಜ ಬೆಳವಣಿಗೆಯ ಹಂತ. 10ನೇ ವಾರದ ಸ್ಕ್ಯಾನ್‌ನಲ್ಲಿ ಅದು ಕಂಡರೆ ಗಾಬರಿ ಬೇಡ.

ಅಲ್ಲಿಂದ ಸ್ವಲ್ಪ ಕೆಳಗೆ ಮಗುವಿನ ಮೂತ್ರಕೋಶವಿದೆ. ಬಣ್ಣ ಹಾಕಿದಾಗ ಕಪ್ಪು ಮೂತ್ರಕೋಶದ ಎರಡೂ ಪಕ್ಕದಲ್ಲಿ ಒಂದೊಂದು ಬಣ್ಣದ ಗೆರೆ ಹರಿದರೆ ಎರಡು ಅಪಧಮನಿಗಳಿವೆ ಎಂದರ್ಥ. ಒಂದೇ ಪಕ್ಕದಲ್ಲಿ ಕಂಡರೆ ‘ಸಿಂಗಲ್ ಅಂಬಿಲಿಕಲ್ ಆರ್ಟರಿ’, ಅಂದರೆ ಒಂದೇ ಅಪಧಮನಿ. ಎಣಿಕೆಯನ್ನು ಮಾಸಿನ ಹತ್ತಿರ ಮಾಡಿದರೆ ತಪ್ಪುವ ಸಾಧ್ಯತೆಯಿದೆ. ಅಲ್ಲಿ ಎರಡು ಅಪಧಮನಿಗಳು ಒಂದಕ್ಕೊಂದು ಕೂಡಿಕೊಳ್ಳುವುದುಂಟು. ಆದ್ದರಿಂದಲೇ ಮಗುವಿನ ಕಡೆಯ ತುದಿಯಲ್ಲಿ ಎಣಿಸುವುದು. ಈ ದೃಶ್ಯ ಮಗುವಿನ ತೊಡೆಗಳ ಹತ್ತಿರ ಬರುವುದರಿಂದ ವೈದ್ಯರು ಪರದೆಯನ್ನು ನಿಮ್ಮ ಕಡೆಯಿಂದ ತಿರುಗಿಸಬಹುದು. ಬೇಸರಪಡಬೇಡಿ. ಹೆಣ್ಣುಮಕ್ಕಳನ್ನು ಉಳಿಸಲು ಬಂದ ಕಾಯ್ದೆಯನ್ನು ಅವರು ಪಾಲಿಸುತ್ತಿದ್ದಾರೆ.

ಒಂದೇ ಅಪಧಮನಿ ನೂರು ಗರ್ಭಗಳಲ್ಲಿ ಹೆಚ್ಚೆಂದರೆ ಒಂದರಲ್ಲಿ ಕಾಣಿಸುತ್ತದೆ, ಅವಳಿಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚು. ವರದಿಯಲ್ಲಿ ಅದನ್ನು ಓದಿ ಅಳುತ್ತಾ ಬರುವ ಹುಡುಗಿಯರನ್ನು ನೋಡಿದ್ದೇನೆ. ಆಗ ಕೇಳಬೇಕಾದ್ದು ಇಷ್ಟೇ: ಮಗುವಿನ ಹೃದಯ, ಮೂತ್ರಪಿಂಡ, ಬೆನ್ನುಹುರಿ, ಕೈಕಾಲು ಎಲ್ಲವನ್ನೂ ಪೂರ್ತಿ ನೋಡಿದ್ದೀರಾ, ಬೇರೆ ಏನಾದರೂ ಇದೆಯೇ? ಬೇರೇನೂ ಇಲ್ಲದಿದ್ದರೆ ಇದೊಂದೇ ಕಾರಣಕ್ಕೆ ಹೊಟ್ಟೆಗೆ ಸೂಜಿ ಚುಚ್ಚಿ ನೀರು ತೆಗೆಯುವ ಪರೀಕ್ಷೆಯ ಅಗತ್ಯವಿಲ್ಲ ಎಂಬುದು ಇಂದಿನ ವೈದ್ಯಕೀಯ ನಿಲುವು. ಏಳು, ಎಂಟನೇ ತಿಂಗಳಲ್ಲಿ ಮಗುವಿನ ಬೆಳವಣಿಗೆ ನೋಡಲು ಇನ್ನೊಂದು ಸ್ಕ್ಯಾನ್ ಮಾಡಿಸಿ. ಜೊತೆಗೆ ಬೇರೆ ದೋಷವಿದ್ದರೆ ಮಾತ್ರ ದಾರಿ ಬೇರೆ. ಆಗ ಭ್ರೂಣ ತಜ್ಞರನ್ನು ಕಾಣಲೇಬೇಕು.

ನಡುಭಾಗದಲ್ಲಿ ಸಿಗುವ ವಿಷಯಗಳಲ್ಲಿ ಹೆಚ್ಚಿನವು ಸಣ್ಣವು. ಮೊದಲ ಮೂರು ತಿಂಗಳಲ್ಲಿ ಕಾಣುವ ನೀರುಗುಳ್ಳೆಗಳು ಹಲವು ಬಾರಿ ತಾವಾಗಿ ಮಾಯವಾಗುತ್ತವೆ. ಐದನೇ ತಿಂಗಳಲ್ಲೂ ಉಳಿದಿದ್ದರೆ ಮಗುವನ್ನು ಅಡಿಯಿಂದ ಮುಡಿಯವರೆಗೆ ನೋಡಿಸಬೇಕು. ಬಳ್ಳಿಯ ಸುರುಳಿ ಹೆಚ್ಚು, ಕಡಿಮೆ ಎಂದು ಬರೆದಿದ್ದರೆ ಅದೊಂದನ್ನೇ ಹಿಡಿದು ಚಿಕಿತ್ಸೆ ಮಾಡುವಂಥದ್ದೇನಿಲ್ಲ. ಬಳ್ಳಿಯಲ್ಲಿ ನಿಜವಾದ ಗಂಟು ನೂರಕ್ಕೆ ಸುಮಾರು ಒಂದು ಹೆರಿಗೆಯಲ್ಲಿ ಸಿಗುತ್ತದೆ. ಸ್ಕ್ಯಾನ್‌ನಲ್ಲಿ ಅದನ್ನು ಖಚಿತವಾಗಿ ಹಿಡಿಯುವುದು ಕಷ್ಟ, ಬಹುಪಾಲು ಮಕ್ಕಳು ಗಂಟಿನೊಂದಿಗೇ ಕ್ಷೇಮವಾಗಿ ಹುಟ್ಟುತ್ತಾರೆ. ಬಳ್ಳಿಯ ಉದ್ದವನ್ನು ಸ್ಕ್ಯಾನ್ ಅಳೆಯಲಾರದು. ‘ಬಳ್ಳಿ ಗಿಡ್ಡ ಇದೆಯಂತೆ’ ಎಂದು ಯಾರಾದರೂ ಹೇಳಿದರೆ ಹೇಗೆ ಗೊತ್ತಾಯಿತು ಎಂದು ಕೇಳಿ.

ಹಂತ 4: ಮಾಸಿನ ಕಡೆಯ ತುದಿಯನ್ನು ತಪ್ಪದೆ ನೋಡಿಸಿ

ಈ ಬರಹದಲ್ಲಿ ನಿಮಗೆ ಒಂದೇ ಹಂತ ನೆನಪಿರುವುದಾದರೆ ಅದು ಇದಾಗಲಿ.

ಬಳ್ಳಿ ಸಾಮಾನ್ಯವಾಗಿ ಮಾಸಿನ ನಡುವೆ ಅಥವಾ ನಡುವಿನಿಂದ ತುಸು ಸರಿದು ಸೇರುತ್ತದೆ. ಮಾಸಿನ ಅಂಚಿನಿಂದ 2 ಸೆಂಟಿಮೀಟರ್ ಒಳಗೆ ಸೇರಿದ್ದರೆ ವರದಿಯಲ್ಲಿ ‘ಮಾರ್ಜಿನಲ್ ಇನ್ಸರ್ಷನ್’ ಎಂದಿರುತ್ತದೆ. ಬೆಳವಣಿಗೆಯ ಮೇಲೆ ಕಣ್ಣಿಟ್ಟರೆ ಸಾಕು. ಮಾಸನ್ನು ಮುಟ್ಟುವ ಮೊದಲೇ ನೀರುಚೀಲದ ಪೊರೆಗೆ ಬಳ್ಳಿ ಸೇರಿಬಿಟ್ಟರೆ ಅದು ‘ವೆಲಮೆಂಟಸ್ ಇನ್ಸರ್ಷನ್’. ಒಂಟಿ ಮಗುವಿನ ಗರ್ಭಗಳಲ್ಲಿ ನೂರಕ್ಕೆ ಸುಮಾರು ಒಂದರಲ್ಲಿ, ಒಂದೇ ಮಾಸನ್ನು ಹಂಚಿಕೊಂಡ ಅವಳಿಗಳಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಆಗ ನಾಳಗಳು ಕಾಯುವ ಲೋಳೆಯಿಲ್ಲದೆ, ಮಣ್ಣು ಕೊಚ್ಚಿಹೋದ ಮರದ ಬೇರುಗಳಂತೆ ಬರಿದಾಗಿ ಪೊರೆಯ ಮೇಲೆ ಹರಡಿ ಮಾಸನ್ನು ಸೇರುತ್ತವೆ.

ಆ ಬರಿ ನಾಳಗಳು ಗರ್ಭಕೋಶದ ಬಾಯಿಯ ಮೇಲೆ ಅಥವಾ ಅದಕ್ಕೆ ತೀರ ಹತ್ತಿರದಲ್ಲಿ ಹಾದುಹೋದರೆ ಅದಕ್ಕೆ ವಾಸಾ ಪ್ರೀವಿಯಾ ಎಂದು ಹೆಸರು. ಎರಡು ಸಾವಿರದಷ್ಟು ಗರ್ಭಗಳಲ್ಲಿ ಒಂದರಲ್ಲಿ ಕಾಣುವ ಅಪರೂಪದ ಸ್ಥಿತಿ. ತಾಯಿಗೆ ನೋವಿಲ್ಲ, ಮಗು ಚೆನ್ನಾಗಿಯೇ ಬೆಳೆಯುತ್ತಿರುತ್ತದೆ, ಹೊರಗಿನಿಂದ ಏನೂ ತಿಳಿಯುವುದಿಲ್ಲ. ನೀರುಚೀಲ ಒಡೆಯುವ ಕ್ಷಣದಲ್ಲಿ ಅದರೊಂದಿಗೆ ನಾಳವೂ ಹರಿದರೆ ಹೊರಗೆ ಸುರಿಯುವುದು ಮಗುವಿನ ರಕ್ತ. ಮೂರು ಕಿಲೋ ತೂಕದ ಮಗುವಿನ ಇಡೀ ದೇಹದಲ್ಲಿರುವ ರಕ್ತ ಕಾಲು ಲೀಟರಿನಿಂದ 300 ಮಿಲಿಲೀಟರ್‌ವರೆಗೆ, ಅಷ್ಟೇ. ದೊಡ್ಡವರಿಗೆ ಲೆಕ್ಕಕ್ಕೇ ಬಾರದಷ್ಟು ರಕ್ತ ಹೋದರೂ ಮಗು ಕೆಲವೇ ನಿಮಿಷಗಳಲ್ಲಿ ಕೈತಪ್ಪಬಹುದು.

ಮೊದಲೇ ಗೊತ್ತಿದ್ದರೆ ಏನಾಗುತ್ತದೆ? 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಥ 155 ಗರ್ಭಗಳನ್ನು ಪರಿಶೀಲಿಸಿತು. ಹೆರಿಗೆಗೆ ಮೊದಲೇ ಪತ್ತೆಯಾದವುಗಳಲ್ಲಿ ಶೇ 97ರಷ್ಟು ಮಕ್ಕಳು ಬದುಕುಳಿದಿದ್ದರು. ಪತ್ತೆಯಾಗದೇ ಇದ್ದವುಗಳಲ್ಲಿ ಉಳಿದವರು ಶೇ 44 ಮಾತ್ರ. ಈ ಎರಡು ಸಂಖ್ಯೆಗಳ ನಡುವೆ ಇರುವುದು ದುಬಾರಿ ಔಷಧವಲ್ಲ, ಐದನೇ ತಿಂಗಳಲ್ಲಿ ಯಾರೋ ಒಬ್ಬರು ಬಣ್ಣ ಹಾಕಿ ಸರಿಯಾದ ಜಾಗ ನೋಡಿದ್ದರು ಎಂಬುದು. ನನ್ನನ್ನು ಈ ಬರಹಕ್ಕೆ ಕೂರಿಸಿದ್ದು ಇದೇ ಅಂತರ.

ಹಾಗಾಗಿ ಸ್ಕ್ಯಾನ್ ಮುಗಿಯುವ ಮೊದಲು ಎರಡು ಪ್ರಶ್ನೆ ಕೇಳಿ. ‘ಡಾಕ್ಟರೇ, ಬಳ್ಳಿ ಮಾಸಿಗೆ ಎಲ್ಲಿ ಸೇರಿದೆ, ಕಾಣಿಸಿತೇ?’ ‘ಗರ್ಭಕೋಶದ ಬಾಯಿಯ ಮೇಲೆ ಬಣ್ಣ ಹಾಕಿ ನೋಡಿದಿರಾ, ಅಲ್ಲಿ ರಕ್ತನಾಳವೇನೂ ಇಲ್ಲವೇ?’ ಉತ್ತರವನ್ನು ವರದಿಯಲ್ಲಿ ಒಂದು ಸಾಲಾಗಿ ಬರೆಯಲು ವಿನಂತಿಸಿ. ಮಗು ಮಲಗಿರುವ ರೀತಿಯಿಂದ ಕಾಣಿಸಲಿಲ್ಲ ಎಂದರೆ ಅದೂ ಪ್ರಾಮಾಣಿಕ ಉತ್ತರವೇ. ಯಾವಾಗ ಮತ್ತೆ ಬರಲಿ ಎಂದು ಕೇಳಿಕೊಂಡು ಏಳಿ.

ಮಾಸು ಕೆಳಗಿದ್ದರೆ, ಬಳ್ಳಿ ಪೊರೆಗೆ ಸೇರಿದ್ದರೆ, ಮಾಸು ಎರಡು ತುಂಡಾಗಿದ್ದರೆ ವೈದ್ಯರು ‘ಒಳಗಿನಿಂದ ಸ್ಕ್ಯಾನ್ ಮಾಡಬೇಕು’ ಎನ್ನಬಹುದು. ಯೋನಿಯ ಮೂಲಕ ತೆಳ್ಳಗಿನ ಸಲಕರಣೆಯಿಂದ ಮಾಡುವ ಈ ಪರೀಕ್ಷೆಗೆ ನಮ್ಮಲ್ಲಿ ಬಹಳ ಮಂದಿ ಬೇಡವೆನ್ನುತ್ತಾರೆ, ಕೆಲವೊಮ್ಮೆ ಗರ್ಭಿಣಿಗಿಂತ ಮೊದಲು ಜೊತೆಗೆ ಬಂದವರೇ. ಇದರಿಂದ ಮಗುವಿಗೆ ಏನೂ ಆಗುವುದಿಲ್ಲ, ಗರ್ಭ ಜಾರುವುದಿಲ್ಲ. ಮೂತ್ರ ಮಾಡಿ ಬಂದು ಮಲಗಬೇಕು, ಕೆಲವು ನಿಮಿಷದ ಕೆಲಸ. ಮಹಿಳಾ ವೈದ್ಯರು ಬೇಕು, ಮಹಿಳಾ ಸಿಬ್ಬಂದಿ ಜೊತೆಗಿರಲಿ ಎಂದು ಕೇಳುವ ಹಕ್ಕು ನಿಮಗಿದೆ. ಗರ್ಭಕೋಶದ ಬಾಯಿಯ ಹತ್ತಿರದ ಸಣ್ಣ ನಾಳ ಹೊಟ್ಟೆಯ ಮೇಲಿನ ಸ್ಕ್ಯಾನ್‌ನಲ್ಲಿ ಕಾಣದೇ ಹೋದರೂ ಇಲ್ಲಿ ಸ್ಪಷ್ಟವಾಗಿ ಸಿಗುತ್ತದೆ.

ಅಲ್ಲಿ ಒಂದು ಬಣ್ಣದ ಗೆರೆ ಕಂಡಿತು ಎಂದುಕೊಳ್ಳಿ. ಅದು ತಾಯಿಯ ನಾಳವೋ ಮಗುವಿನದೋ? ವೈದ್ಯರು ಆ ಗೆರೆಯ ಮೇಲೆ ಡಾಪ್ಲರ್ ಗುರುತು ಇಟ್ಟು ಬಡಿತ ಎಣಿಸುತ್ತಾರೆ. ಅಪಧಮನಿಯಲ್ಲಿ ನಿಮಿಷಕ್ಕೆ 80–90 ಬಂದರೆ ತಾಯಿಯದು, 140ರ ಆಸುಪಾಸು ಬಂದರೆ ಮಗುವಿನದು. ಆಮೇಲೆ ತಾಯಿಯನ್ನು ಮಗ್ಗುಲು ಬದಲಿಸಲು ಹೇಳುತ್ತಾರೆ. ಬಳ್ಳಿಯ ಸಡಿಲ ಸುತ್ತು ಸುಮ್ಮನೆ ಅಲ್ಲಿಗೆ ಜಾರಿ ಬಂದಿದ್ದರೆ ಸರಿದುಹೋಗುತ್ತದೆ, ಪೊರೆಗೆ ಅಂಟಿದ ನಾಳ ಅಲುಗುವುದಿಲ್ಲ.

ವಾಸಾ ಪ್ರೀವಿಯಾ ಖಚಿತವಾದರೆ ಧೈರ್ಯಗೆಡಬೇಡಿ. ಗರ್ಭಕೋಶ ಬೆಳೆದಂತೆ ಐದರಲ್ಲಿ ಒಂದರಷ್ಟು ಪ್ರಸಂಗಗಳಲ್ಲಿ ನಾಳ ಬಾಯಿಯಿಂದ ದೂರ ಸರಿಯುತ್ತದೆ, ಆದ್ದರಿಂದ ಏಳು, ಎಂಟನೇ ತಿಂಗಳಲ್ಲಿ ಮತ್ತೆ ನೋಡುತ್ತಾರೆ. ಸರಿಯದಿದ್ದರೆ ಮಗುವಿನ ಶ್ವಾಸಕೋಶ ಬಲಿಯಲು 28ರಿಂದ 32ನೇ ವಾರದೊಳಗೆ ಸ್ಟೀರಾಯ್ಡ್ ಚುಚ್ಚುಮದ್ದು, 30ರಿಂದ 34ನೇ ವಾರದ ನಡುವೆ ಆಸ್ಪತ್ರೆಗೆ ದಾಖಲಾಗುವ ವಿಚಾರ, ಹೆರಿಗೆ ನೋವು ಶುರುವಾಗುವ ಮೊದಲೇ ಸಾಮಾನ್ಯವಾಗಿ 34ರಿಂದ 36ನೇ ವಾರದಲ್ಲಿ ಸಿಸೇರಿಯನ್. ದಂಪತಿ ದೈಹಿಕ ಸಂಪರ್ಕದಿಂದ ದೂರವಿರುವಂತೆ ವೈದ್ಯರು ಹೇಳುತ್ತಾರೆ. ನವಜಾತ ಶಿಶುಗಳ ತೀವ್ರ ನಿಗಾ ಘಟಕವೂ ರಕ್ತನಿಧಿಯೂ ಇರುವ ಆಸ್ಪತ್ರೆಯನ್ನೇ ಆರಿಸಿಕೊಳ್ಳಿ.

ಹಂತ 5: ತವರಿಗೆ ಹೊರಡುವ ಮೊದಲು

ಸೀಮಂತ ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ರೂಢಿ. ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿಕೊಂಡವಳ ಹೆರಿಗೆ ನೂರಾರು ಕಿಲೋಮೀಟರ್ ಆಚೆಯ ಊರಿನಲ್ಲಾಗುತ್ತದೆ. ಅಲ್ಲಿನ ವೈದ್ಯರಿಗೆ ಹಿಂದಿನ ವರದಿ ಸಿಗದಿದ್ದರೆ ಪತ್ತೆಯಾದದ್ದೂ ಪತ್ತೆಯಾಗದಂತೆಯೇ. ಪೊರೆಗೆ ಸೇರಿದ ಬಳ್ಳಿ, ಒಂದೇ ಅಪಧಮನಿ, ಕೆಳಗಿನ ಮಾಸು, ಯಾವುದೇ ಇರಲಿ, ತಾಯಿ ಕಾರ್ಡ್‌ನಲ್ಲಿ ಎದ್ದು ಕಾಣುವಂತೆ ವೈದ್ಯರಿಂದಲೇ ಬರೆಸಿಕೊಳ್ಳಿ. ವರದಿಯ ಪ್ರತಿ ಪುಟದ ಚಿತ್ರವನ್ನು ಗಂಡನ ಮೊಬೈಲಿನಲ್ಲೂ ತಾಯಿಯ ಮೊಬೈಲಿನಲ್ಲೂ ಇಡಿ. ವಾಸಾ ಪ್ರೀವಿಯಾ ಇದ್ದವರು ದೂರದ ತವರಿಗೆ ಹೋಗಲೇಬಾರದು. ಅವ್ವನೇ ಇವಳ ಮನೆಗೆ ಬರಲಿ.

ಹಂತ 6: ಕೊರಳ ಸುತ್ತನ್ನು ಸರಿಯಾಗಿ ಅರ್ಥಮಾಡಿಕೊಳ್ಳಿ

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ. ನಾಲ್ಕೈದು ಹೆರಿಗೆಗಳಲ್ಲಿ ಒಂದರಲ್ಲಿ ಬಳ್ಳಿ ಮಗುವಿನ ಕೊರಳಿಗೆ ಸುತ್ತಿಕೊಂಡಿರುತ್ತದೆ. ಹೊಟ್ಟೆಯೊಳಗಿನ ಮಗು ಗಂಟಲಿನಿಂದ ಉಸಿರಾಡುವುದಿಲ್ಲ, ಅದಕ್ಕೆ ಆಮ್ಲಜನಕ ಬರುವುದು ಬಳ್ಳಿಯಿಂದಲೇ. ಹಾಗಾಗಿ ಉಸಿರು ಕಟ್ಟುತ್ತದೆ ಎಂಬ ಕಲ್ಪನೆ ಸರಿಯಲ್ಲ. ಮಗು ಹೊರಳಾಡಿದಂತೆ ಸುತ್ತು ಬೀಳುತ್ತದೆ, ಬಿಚ್ಚಿಕೊಳ್ಳುತ್ತದೆ. ಇಂದಿನ ಸ್ಕ್ಯಾನ್‌ನಲ್ಲಿ ಕಂಡದ್ದು ಬರುವ ವಾರ ಇರಲಿಕ್ಕಿಲ್ಲ. ಹೆರಿಗೆಯ ಹೊತ್ತಿನಲ್ಲಿ ತಲೆ ಹೊರಬಂದ ಕೂಡಲೇ ವೈದ್ಯರು ಅಥವಾ ನರ್ಸ್ ಬೆರಳಿನಿಂದ ಸುತ್ತನ್ನು ತಲೆಯ ಮೇಲಿನಿಂದ ತೆಗೆಯುತ್ತಾರೆ. ಈ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಹಾಗೆ ಹೇಳಿದರೆ ‘ಮಗುವಿನ ಎದೆಬಡಿತದಲ್ಲಿ ವ್ಯತ್ಯಾಸವಿದೆಯೇ, ಬೆಳವಣಿಗೆ ಕುಂಠಿತವಾಗಿದೆಯೇ?’ ಎಂದು ಕೇಳಿ. ಎರಡೂ ಸರಿಯಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ.

ಗರ್ಭಿಣಿ ಕೈ ಮೇಲೆತ್ತಿ ಬಟ್ಟೆ ಒಣಹಾಕಿದರೆ ಬಳ್ಳಿ ಸುತ್ತಿಕೊಳ್ಳುತ್ತದೆ ಎನ್ನುವ ಮಾತಿಗೆ ಆಧಾರವಿಲ್ಲ. ಸುತ್ತಿಕೊಂಡು ಹುಟ್ಟಿದ ಮಗು ಸೋದರಮಾವನಿಗೆ ಕೇಡು ಎನ್ನುವ ಮಾತಂತೂ ಆಗಷ್ಟೇ ಹೆತ್ತ ತಾಯಿಯ ಮನಸ್ಸನ್ನು ಸುಮ್ಮನೆ ನೋಯಿಸುತ್ತದೆ. ಹಿರಿಯರು ಅದನ್ನು ಬಾಯಿಗೇ ತರದಿರಲಿ.

ಹಂತ 7: ಕೊನೆಯ ಮೂರು ತಿಂಗಳ ನಿಗಾ

ಮಗುವಿನ ಬೆಳವಣಿಗೆ ಕಡಿಮೆ ಎಂದು ಅನುಮಾನ ಬಂದರೆ, ತಾಯಿಗೆ ರಕ್ತದೊತ್ತಡ ಏರಿದ್ದರೆ ಬಳ್ಳಿಯ ಅಪಧಮನಿಯ ಡಾಪ್ಲರ್ ಮಾಡುತ್ತಾರೆ. ಮಗುವಿನ ಹೃದಯ ಎರಡು ಬಡಿತಗಳ ನಡುವೆ ವಿರಮಿಸಿದಾಗಲೂ ರಕ್ತ ಮಾಸಿನ ಕಡೆಗೆ ಹರಿಯುತ್ತಲೇ ಇರಬೇಕು. ಆ ಹೊತ್ತಿನಲ್ಲಿ ಹರಿವು ನಿಂತರೆ, ಅದಕ್ಕಿಂತ ಹೆಚ್ಚಾಗಿ ಹಿಮ್ಮುಖವಾದರೆ, ಮಾಸು ಸೋಲುತ್ತಿದೆ ಎಂದು ತಿಳಿಯಬೇಕು. ವರದಿಯಲ್ಲಿ ‘ಆ್ಯಬ್ಸೆಂಟ್’ ಅಥವಾ ‘ರಿವರ್ಸ್ಡ್ ಎಂಡ್ ಡಯಾಸ್ಟೊಲಿಕ್ ಫ್ಲೋ’ ಎಂದಿದ್ದರೆ ನಾಳೆ ನೋಡೋಣ ಎನ್ನದೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ.

ಬಳ್ಳಿಯಲ್ಲಿ ಏನೇ ದೋಷವಿರಲಿ, ಇಲ್ಲದಿರಲಿ, 28ನೇ ವಾರದ ನಂತರ ಮಗುವಿನ ಅಲುಗಾಟವನ್ನು ಗಮನಿಸುತ್ತಿರಿ. ಎಂದಿಗಿಂತ ಕಡಿಮೆ ಎನಿಸಿದರೆ ಎಡಮಗ್ಗುಲಿಗೆ ಮಲಗಿ ಎಣಿಸಿ. ಎರಡು ಗಂಟೆಯಲ್ಲಿ 10 ಸಲವೂ ಅಲುಗದಿದ್ದರೆ ರಾತ್ರಿಯೆಂದು ನೋಡದೆ ಹೊರಡಿ.

ನೀರು ಒಡೆದಾಗ ರಕ್ತವೂ ಬಂದರೆ, ಅಥವಾ ಬಳ್ಳಿಯೇ ಹೊರಗೆ ಜಾರಿದಂತೆ ಕಂಡರೆ ಕೂಡಲೇ 108ಕ್ಕೆ ಕರೆ ಮಾಡಿ. ಬಳ್ಳಿ ಜಾರಿದ್ದರೆ ಮಂಡಿಯೂರಿ, ಎದೆಯನ್ನು ನೆಲಕ್ಕೆ ತಾಗಿಸಿ, ಸೊಂಟವನ್ನು ಮೇಲೆತ್ತಿಕೊಂಡಿರಿ. ವಾಹನದಲ್ಲಿ ಹಾಗಿರಲು ಆಗದಿದ್ದರೆ ಎಡಮಗ್ಗುಲಿಗೆ ಮಲಗಿ ಸೊಂಟದಡಿ ದಿಂಬು ಇಟ್ಟುಕೊಳ್ಳಿ. ಬಳ್ಳಿಯನ್ನು ಒಳಗೆ ತಳ್ಳಲು ಹೋಗಬೇಡಿ.

ಹಂತ 8: ಹೆರಿಗೆಯಾದ ಮೇಲೆ

ಕಸ, ಅಂದರೆ ಮಾಸು, ಬಿದ್ದ ಮೇಲೆ ಅದನ್ನು ಎಸೆಯುವ ಮೊದಲು ವೈದ್ಯರು ಕತ್ತರಿಸಿದ ಬಳ್ಳಿಯ ತುದಿಯಲ್ಲಿ ಮೂರು ನಾಳಗಳ ಬಾಯಿಗಳನ್ನು ಎಣಿಸಬಹುದು. ಗಂಟು, ಗುಳ್ಳೆ ಇದ್ದರೆ ಕಾಣುತ್ತದೆ, ಬಳ್ಳಿ ಎಲ್ಲಿ ಸೇರಿತ್ತೆಂಬುದು ಕಣ್ಣಿಗೇ ಸಿಗುತ್ತದೆ. ಸ್ಕ್ಯಾನ್‌ನಲ್ಲಿ ಏನಾದರೂ ಅನುಮಾನವಿದ್ದವರು, ಸಣ್ಣ ಮಗು ಹೆತ್ತವರು, ಮಗುವನ್ನು ಕಳೆದುಕೊಂಡವರು ಈ ತಪಾಸಣೆಯನ್ನು ಕೇಳಿ ಮಾಡಿಸಬೇಕು. ಕಂಡದ್ದನ್ನು ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆಸಿಕೊಳ್ಳಿ, ಮುಂದಿನ ಬಸಿರಿನ ಮೊದಲ ಭೇಟಿಗೆ ಆ ಕಾರ್ಡನ್ನೂ ತೆಗೆದುಕೊಂಡು ಹೋಗಿ.